ಫಾಲ್ಟ್ ಹೋಗುವುದೇ ಇಲ್ಲ: ಚಿಪ್ ಕೆಟ್ಟಿದೆಯೇ, ಸುತ್ತಲಿನದ್ದು ಕೆಟ್ಟಿದೆಯೇ?

ಓದುಗರ ಪ್ರಶ್ನೆ: ಮರದ ನಾಮಫಲಕಗಳನ್ನು ಕೆತ್ತಲು ಮನೆಯಲ್ಲೇ ಪ್ರೋಗ್ರಾಂ ಹೇಳಿದಂತೆ ಕಟರ್ ಚಲಿಸುವ ಒಂದು ಚಿಕ್ಕ ಸಿಎನ್‌ಸಿ ಯಂತ್ರವನ್ನು ಕಟ್ಟಿದ್ದೇನೆ. 24 ವೋಲ್ಟ್‌ನ ಎಸ್‌ಎಂಪಿಎಸ್ (ಪವರ್ ಸಪ್ಲೈ), ಆರ್ಡುಯಿನೊ ನ್ಯಾನೊ (ಪುಟ್ಟ ನಿಯಂತ್ರಕ ಬೋರ್ಡ್) ಮತ್ತು ಹೆಜ್ಜೆ ಹೆಜ್ಜೆಯಾಗಿ ತಿರುಗುವ, ನೆಮಾ 17 ಅಳತೆಯ 1.7 ಆಂಪಿಯರ್‌ನ ಸ್ಟೆಪರ್ ಮೋಟರ್‌ಗಳಿವೆ. ಪ್ರೋಗ್ರಾಂ ನಾನೇ ಬರೆದದ್ದು. ಮೋಟರ್‌ಗೆ ಕರೆಂಟ್ ಕೊಡುವ, ಮೊದಲಿದ್ದ ಎ4988 ಡ್ರೈವರ್‌ಗಳ ಶಕ್ತಿ ಸಾಲದೆ ಡಿಆರ್‌ವಿ8825 ಬೋರ್ಡ್‌ಗಳನ್ನು ಹಾಕಿ, ಕರೆಂಟ್ ಮಿತಿಯನ್ನು ನಿರ್ಧರಿಸುವ ವಿರೆಫ್ ವೋಲ್ಟೇಜ್ ಅನ್ನು 0.8 ವೋಲ್ಟ್‌ಗೆ ಹೊಂದಿಸಿದೆ. ಎಕ್ಸ್ (ಎಡ ಬಲ) ಮತ್ತು ವೈ (ಹಿಂದೆ ಮುಂದೆ) ಡ್ರೈವರ್‌ಗಳ, ತೊಂದರೆಯನ್ನು ತಿಳಿಸುವ ಫಾಲ್ಟ್ ಪಿನ್‌ಗಳನ್ನು ಒಂದೇ ತಂತಿಗೆ ಸೇರಿಸಿ ನ್ಯಾನೊಗೆ ಕೊಟ್ಟಿದ್ದೇನೆ. ಯಂತ್ರ ಆನ್ ಮಾಡಿದ ಕೂಡಲೇ ಒಮ್ಮೆ ಫಾಲ್ಟ್ ತೋರಿಸಿ ಹೋಗುತ್ತದೆ. ಐದಾರು ನಿಮಿಷ ಕೆತ್ತಿದ ಮೇಲೆ ಎಕ್ಸ್ ಮೋಟರ್ ಸತ್ತಂತಾಗಿ ಫಾಲ್ಟ್ ಮತ್ತೆ ಬರುತ್ತದೆ. ಆಮೇಲೆ ಪವರ್ ತೆಗೆದು ಹಾಕುವವರೆಗೆ ಹೋಗುವುದಿಲ್ಲ. ಹೆಚ್ಚಿನ ಸಲ ಯಂತ್ರದ ತಲೆ ಎಡಬದಿಯಲ್ಲಿದ್ದಾಗಲೇ ಹೀಗಾಗುತ್ತದೆ. ಫ್ಯಾನ್ ಇಟ್ಟರೂ ಬದಲಾಗಲಿಲ್ಲ. ಎಕ್ಸ್ ಬದಿಗೆ ಮೂರು ಬೋರ್ಡ್ ಬದಲಿಸಿದೆ. ಒಬ್ಬರು ಚಿಪ್‌ಗಳೆಲ್ಲ ಡೂಪ್ಲಿಕೇಟ್ ಎಂದರೆ, ಇನ್ನೊಬ್ಬರು ಫಾಲ್ಟ್ ತಂತಿಯನ್ನೇ ಕತ್ತರಿಸಿ ಹಾಕಿ ಎನ್ನುತ್ತಾರೆ. ಮೋಟರ್ ತಂತಿ ಸಾಲದೆ ಮನೆಯಲ್ಲಿ ಉಳಿದಿದ್ದ ಲ್ಯಾನ್ ಕೇಬಲ್ ಸೇರಿಸಿದ್ದೇನೆ; ಅದರಿಂದ ತೊಂದರೆ ಇಲ್ಲ ಎಂದುಕೊಂಡಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ಆತಂಕ ಚಿಪ್‌ನ ಮೇಲಿದೆ. ಆದರೆ ನೀವು ಬರೆದದ್ದನ್ನು ಓದಿದಾಗ ನನಗೆ ಕಾಣುವುದು ಒಂದೇ ಹೆಸರಿನ ಎರಡು ಬೇರೆ ತೊಂದರೆಗಳು. ಆನ್ ಮಾಡಿದ ಕೂಡಲೇ ಬಂದು ಹೋಗುವ ಫಾಲ್ಟ್ ಬಹುತೇಕ ಸುಳ್ಳು. ಅದು ಪಿನ್ ಜೋಡಣೆಯಿಂದ ಹುಟ್ಟಿದ್ದು. ಐದಾರು ನಿಮಿಷದ ನಂತರ ಬಂದು ಕೂರುವ ಫಾಲ್ಟ್ ನಿಜವಾದದ್ದು, ಮತ್ತು ಅದರ ಮೂಲ ಚಿಪ್‌ನ ಹೊರಗಿರುವ ಸಾಧ್ಯತೆಯೇ ಹೆಚ್ಚು. ಎರಡನ್ನೂ ಒಂದೇ ಎಂದು ಹಿಡಿದಿದ್ದರಿಂದ ಮೂರು ಬೋರ್ಡ್ ಬದಲಿಸಿದರೂ ಕಾರಣ ಕೈಗೆ ಸಿಕ್ಕಿಲ್ಲ.

ಮೊದಲು ಸುಳ್ಳು ಫಾಲ್ಟ್ ಅನ್ನು ಮುಗಿಸೋಣ. ಈ ಚಿಪ್‌ನ ಫಾಲ್ಟ್ ಪಿನ್ ಓಪನ್ ಡ್ರೈನ್ ಬಗೆಯದು. ತೊಂದರೆ ಇದ್ದಾಗ ಅದು ತಂತಿಯನ್ನು ಸೊನ್ನೆ ವೋಲ್ಟ್‌ಗೆ ಎಳೆಯಬಲ್ಲದು; ತೊಂದರೆ ಇಲ್ಲದಾಗ ಸುಮ್ಮನೆ ಕೈಬಿಡುತ್ತದೆಯೇ ಹೊರತು ತಾನಾಗಿ 5 ವೋಲ್ಟ್‌ಗೆ ಏರಿಸುವುದಿಲ್ಲ. ಏರಿಸಲು ಹೊರಗಿನ ಪುಲ್‌ಅಪ್ ರೆಸಿಸ್ಟರ್ ಬೇಕು. ಪುಲ್‌ಅಪ್ ಇಲ್ಲದ ಅಥವಾ ದುರ್ಬಲವಾದ ತಂತಿ ಫಾಲ್ಟ್ ಇಲ್ಲದಿದ್ದರೂ ಸೊನ್ನೆ ಎಂದೇ ಓದಿಕೊಳ್ಳಬಹುದು. ಮಾರುಕಟ್ಟೆಯ ಬಹುತೇಕ ಬೋರ್ಡ್‌ಗಳು ಅನುಸರಿಸುವ ಪೊಲೊಲು ಸಂಸ್ಥೆಯ ವಿನ್ಯಾಸದಲ್ಲಿ ಇನ್ನೊಂದು ತಿರುವಿದೆ: ಫಾಲ್ಟ್ ಪಿನ್ ಮತ್ತು ಚಿಪ್ ಅನ್ನು ಮಲಗಿಸಿ ಎಬ್ಬಿಸುವ ಸ್ಲೀಪ್ ಪಿನ್‌ಗಳ ನಡುವೆ 10 ಕಿಲೋಓಮ್‌ನ ರೆಸಿಸ್ಟರ್ ಇದೆ. ಎ4988 ಬೋರ್ಡಿನಲ್ಲಿ ಲಾಜಿಕ್ ವೋಲ್ಟೇಜ್ ಬರುವ ಜಾಗದಲ್ಲೇ ಇದರ ಫಾಲ್ಟ್ ಪಿನ್ ಇದ್ದು, ಹಳೆಯ ಸಾಕೆಟ್‌ನಲ್ಲಿ ಕೂರಿಸಿದರೂ ಚಿಪ್ ಎಚ್ಚರವಾಗಲಿ ಎಂದು ಮಾಡಿದ ಏರ್ಪಾಡು ಅದು.

ಈ ರೆಸಿಸ್ಟರ್‌ನ ಪರಿಣಾಮ ಹೀಗಿದೆ. ಸ್ಲೀಪ್ ಪಿನ್ ಸೊನ್ನೆಯಲ್ಲಿದ್ದರೆ ಅದು ಈ 10 ಕಿಲೋಓಮ್‌ನ ಮೂಲಕ ಫಾಲ್ಟ್ ತಂತಿಯನ್ನೂ ಕೆಳಗೆ ಎಳೆಯುತ್ತದೆ. ನ್ಯಾನೊದ ಒಳಗಿನ ಪುಲ್‌ಅಪ್ 20ರಿಂದ 50 ಕಿಲೋಓಮ್‌ನದು. ಈ ಎಳೆದಾಟದಲ್ಲಿ ಅದು ಗೆಲ್ಲುವುದಿಲ್ಲ. 5 ವೋಲ್ಟ್‌ನಲ್ಲಿ ನ್ಯಾನೊ 1.5 ವೋಲ್ಟ್‌ಗಿಂತ ಕಡಿಮೆ ಇದ್ದುದನ್ನು ಖಚಿತವಾಗಿ ಸೊನ್ನೆ ಎಂದೂ 3 ವೋಲ್ಟ್‌ಗಿಂತ ಹೆಚ್ಚಿದ್ದುದನ್ನು ಖಚಿತವಾಗಿ ಒಂದು ಎಂದೂ ಓದುತ್ತದೆ. ನೀವು ಎರಡು ಬೋರ್ಡ್‌ಗಳ ಫಾಲ್ಟ್ ಅನ್ನು ಒಂದೇ ತಂತಿಗೆ ಸೇರಿಸಿದ್ದೀರಿ. ಒಂದು ಡ್ರೈವರ್ ಎಚ್ಚರವಾಗಿದ್ದು ಇನ್ನೊಂದು ಮಲಗಿದ್ದರೆ ಆ ತಂತಿಯ ಮೇಲೆ ಸುಮಾರು 2.5 ವೋಲ್ಟ್ ನಿಲ್ಲುತ್ತದೆ. ಅದನ್ನು ನ್ಯಾನೊ ಹೇಗೆ ಬೇಕಾದರೂ ಓದಬಹುದು. ಪವರ್ ಕೊಟ್ಟ ಕ್ಷಣದಲ್ಲಿ, ನಿಮ್ಮ ಪ್ರೋಗ್ರಾಂ ಇನ್ನೂ ಶುರುವಾಗದೆ ಸ್ಲೀಪ್ ತಂತಿಗಳು ಅನಾಥವಾಗಿರುವಾಗ, ಚಿಪ್‌ನೊಳಗಿನ ಪುಲ್‌ಡೌನ್ ಅವುಗಳನ್ನು ಕೆಳಗಿಟ್ಟಿರುತ್ತದೆ. ನೀವು ನೋಡುತ್ತಿರುವ ಮೊದಲ ಫಾಲ್ಟ್ ಇದೇ ಎಂಬುದು ನನ್ನ ಅಂದಾಜು.

ಪರಿಹಾರ ಸರಳ. ಸ್ಲೀಪ್ ಪಿನ್‌ಗಳನ್ನು ನೇರವಾಗಿ 5 ವೋಲ್ಟ್‌ಗೆ ಜೋಡಿಸಿ. ಆಗ ಬೋರ್ಡಿನ ಅದೇ 10 ಕಿಲೋಓಮ್ ನಿಮಗೆ ಒಳ್ಳೆಯ ಪುಲ್‌ಅಪ್ ಆಗಿ ಕೆಲಸ ಮಾಡುತ್ತದೆ. ಕೆಲಸವಿಲ್ಲದಾಗ ಮೋಟರ್ ತಣ್ಣಗಿರಬೇಕೆಂದರೆ ಔಟ್‌ಪುಟ್ ಅನ್ನು ಆನ್ ಆಫ್ ಮಾಡುವ ಎನೇಬಲ್ ಪಿನ್ ಬಳಸಿ. ಸ್ಲೀಪ್ ಬೇಕೇ ಬೇಕೆಂದರೆ, ಮಲಗಿರುವಾಗ ಮತ್ತು ಎದ್ದ ಮೇಲೆ ಒಂದೆರಡು ಮಿಲಿಸೆಕೆಂಡುಗಳವರೆಗೆ ಫಾಲ್ಟ್ ತಂತಿಯನ್ನು ಓದಬೇಡಿ. ಚಿಪ್ ಸಂಪೂರ್ಣ ಎಚ್ಚರವಾಗಲು ಅಷ್ಟು ಸಮಯ ಬೇಕು. ಎಕ್ಸ್ ಮತ್ತು ವೈ ಫಾಲ್ಟ್‌ಗಳನ್ನು ಬೇರೆ ಬೇರೆ ಪಿನ್‌ಗಳಿಗೆ ಕೊಡಿ. ಒಂದೇ ತಂತಿಗೆ ಸೇರಿಸುವುದು ವಿದ್ಯುತ್ತಿನ ದೃಷ್ಟಿಯಿಂದ ತಪ್ಪಲ್ಲ, ಆದರೆ ಯಾರು ಕೂಗಿದರು ಎಂಬುದು ತಿಳಿಯದ ವ್ಯವಸ್ಥೆಯಲ್ಲಿ ದೋಷ ಹುಡುಕುವುದು ಕಷ್ಟ.

ಈಗ ನಿಜವಾದ ಫಾಲ್ಟ್. ಡಿಆರ್‌ವಿ8825ರ ಡೇಟಾಶೀಟ್ (ತಯಾರಕರ ತಾಂತ್ರಿಕ ವಿವರಪತ್ರ) ಪ್ರಕಾರ ಈ ಪಿನ್ ಹೇಳುವುದು ಎರಡೇ ಸಂಗತಿಗಳನ್ನು: ಚಿಪ್ ಅತಿಯಾಗಿ ಬಿಸಿಯಾಗಿದೆ, ಅಥವಾ ಔಟ್‌ಪುಟ್‌ನಲ್ಲಿ ಅತಿಯಾದ ಕರೆಂಟ್ ಹರಿದಿದೆ. ಎರಡಕ್ಕೂ ಪಿನ್ ಒಂದೇ, ಆದರೆ ನಡವಳಿಕೆ ಒಂದೇ ಅಲ್ಲ. ಒಳಗಿನ ತಾಪ ಸುಮಾರು 160 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಚಿಪ್ ಔಟ್‌ಪುಟ್ ನಿಲ್ಲಿಸುತ್ತದೆ. ತಣಿದ ಮೇಲೆ ತಾನೇ ಮತ್ತೆ ಶುರುವಾಗುತ್ತದೆ, ಫಾಲ್ಟ್ ತಾನೇ ಹೋಗುತ್ತದೆ. ಬಿಸಿಯಿಂದ ನಿಂತ ಯಂತ್ರ ಆದ್ದರಿಂದ ಸಾಯುವುದಿಲ್ಲ, ಮುಗ್ಗರಿಸುತ್ತದೆ: ನಿಲ್ಲುತ್ತದೆ, ಹೆಜ್ಜೆ ಕಳೆದುಕೊಳ್ಳುತ್ತದೆ, ಮತ್ತೆ ಓಡುತ್ತದೆ. ಓವರ್‌ಕರೆಂಟ್‌ನಲ್ಲಿ ಹಾಗಲ್ಲ. ಮನೆಯ ಎಂಸಿಬಿ ಕೆಳಗೆ ಬಿದ್ದ ಮೇಲೆ ಯಾರಾದರೂ ಎತ್ತುವವರೆಗೆ ಹೇಗೆ ಬಿದ್ದೇ ಇರುತ್ತದೋ ಹಾಗೆ, ರಿಸೆಟ್ ಪಿನ್ ಅನ್ನು ಒಮ್ಮೆ ಕೆಳಗಿಳಿಸಿ ಎತ್ತುವವರೆಗೆ ಅಥವಾ ಮೋಟರ್ ವೋಲ್ಟೇಜ್ ತೆಗೆದು ಮತ್ತೆ ಕೊಡುವವರೆಗೆ ಚಿಪ್ ಬಂದ್ ಆಗಿಯೇ ಉಳಿಯುತ್ತದೆ. ಎನೇಬಲ್ ಪಿನ್ ಅಲ್ಲಾಡಿಸಿ ಪ್ರಯೋಜನವಿಲ್ಲ.

ಪವರ್ ತೆಗೆದು ಹಾಕುವವರೆಗೆ ಹೋಗುವುದಿಲ್ಲ ಎಂದು ನೀವೇ ಬರೆದಿದ್ದೀರಿ. ಫ್ಯಾನ್‌ನಿಂದ ಬದಲಾಗಲಿಲ್ಲ ಎಂದೂ ಬರೆದಿದ್ದೀರಿ. ಎರಡನ್ನೂ ಕೂಡಿಸಿದರೆ ಬಿಸಿಯನ್ನು ಪಟ್ಟಿಯಿಂದ ತೆಗೆದುಹಾಕಬಹುದು. ಐದಾರು ನಿಮಿಷದ ಅಂತರವನ್ನು ನೋಡಿ ಎಲ್ಲರೂ ಬಿಸಿ ಎಂದೇ ಊಹಿಸುವುದು ಸಹಜ, ಆದರೆ ಅಷ್ಟು ಹೊತ್ತಿನಲ್ಲಿ ಯಂತ್ರದ ತಲೆ ಎಡಕ್ಕೂ ಬಲಕ್ಕೂ ಅದೆಷ್ಟೋ ಸಲ ಹೋಗಿ ಬಂದಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಂದು ಎಚ್ಚರಿಕೆ: ಈ ತರ್ಕ ಡಿಆರ್‌ವಿ8825ಕ್ಕೆ ಸೀಮಿತ. ಅದೇ ಬಳಗದ ಡಿಆರ್‌ವಿ8833 ಓವರ್‌ಕರೆಂಟ್ ಆದಾಗ ಒಂದು ಮಿಲಿಸೆಕೆಂಡ್‌ಗಿಂತ ತುಸು ಹೆಚ್ಚು ಹೊತ್ತು ಕಾದು ತಾನೇ ಮತ್ತೆ ಪ್ರಯತ್ನಿಸುತ್ತದೆ. ಅಲ್ಲಿ ಶಾರ್ಟ್ ಇದ್ದರೆ ಫಾಲ್ಟ್ ಪಿನ್ ಮಿಣುಕುತ್ತಿರುತ್ತದೆ. ಯಾವ ಚಿಪ್ ಆದರೂ ಡೇಟಾಶೀಟ್‌ನಲ್ಲಿ ಮೊದಲು ಓದಬೇಕಾದದ್ದು, ಫಾಲ್ಟ್ ಹೇಗೆ ಬರುತ್ತದೆ ಎಂಬುದಕ್ಕಿಂತ ಹೇಗೆ ಹೋಗುತ್ತದೆ ಎಂಬ ಸಾಲನ್ನು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಓವರ್‌ಕರೆಂಟ್ ಎಂದ ಕೂಡಲೇ ಬೋರ್ಡಿನ ಪುಟ್ಟ ತಿರುಗಣೆಯನ್ನು ಇಳಿಸಲು ಹೋಗುತ್ತಾರೆ. ಆ ತಿರುಗಣೆ ಹೊಂದಿಸುವುದು ಚಾಪಿಂಗ್ ಮಿತಿಯನ್ನು, ಅಂದರೆ ಚಿಪ್ ಮೋಟರ್‌ನ ಕರೆಂಟ್ ಅನ್ನು ಆಗಾಗ ಕತ್ತರಿಸಿ ಹಿಡಿದಿಡುವ ಮಟ್ಟವನ್ನು. ಬೋರ್ಡಿನಲ್ಲಿ ಕರೆಂಟ್ ಅಳೆಯುವ ಸೆನ್ಸ್ ರೆಸಿಸ್ಟರ್ 0.1 ಓಮ್ ಇದ್ದರೆ, ಅಂದರೆ ಅದರ ಮೇಲೆ ಆರ್100 ಎಂದು ಬರೆದಿದ್ದರೆ, ವಿರೆಫ್‌ನ ಎರಡರಷ್ಟು ಆಂಪಿಯರ್, ನಿಮ್ಮ 0.8 ವೋಲ್ಟ್‌ಗೆ 1.6 ಆಂಪಿಯರ್. ಬೇರೆ ಬೆಲೆಯ ರೆಸಿಸ್ಟರ್ ಇದ್ದರೆ ವಿರೆಫ್ ಅನ್ನು ರೆಸಿಸ್ಟರ್ ಬೆಲೆಯ ಐದರಷ್ಟರಿಂದ ಭಾಗಿಸಿ. ಫಾಲ್ಟ್ ಎಬ್ಬಿಸುವ ಓವರ್‌ಕರೆಂಟ್ ಸರ್ಕ್ಯೂಟ್ ಇದಕ್ಕೆ ಸಂಬಂಧಿಸಿದ್ದಲ್ಲ. ಅದು ಚಿಪ್‌ನೊಳಗಿನ ಟ್ರಾನ್ಸಿಸ್ಟರ್‌ಗಳನ್ನೇ ನೇರವಾಗಿ ಕಾಯುತ್ತದೆ. ಸೆನ್ಸ್ ರೆಸಿಸ್ಟರ್‌ಗೂ ವಿರೆಫ್‌ಗೂ ಅದರಲ್ಲಿ ಪಾತ್ರವಿಲ್ಲ. ಕರೆಂಟ್ 3 ಆಂಪಿಯರ್‌ಗಿಂತ ಮೇಲಿನ ಮಿತಿಯೊಂದನ್ನು ದಾಟಿ ಸುಮಾರು 3 ಮೈಕ್ರೋಸೆಕೆಂಡ್ ನಿಂತರೆ ಸಾಕು, ಬಾಗಿಲು ಮುಚ್ಚುತ್ತದೆ. ಆರೋಗ್ಯವಂತ ಮೋಟರ್‌ನ ಸುರುಳಿಯ ಇಂಡಕ್ಟನ್ಸ್ ಇಷ್ಟು ಅಲ್ಪ ಕಾಲದಲ್ಲಿ ಕರೆಂಟ್ ಅನ್ನು ಅಷ್ಟು ಏರಲು ಬಿಡುವುದೇ ಇಲ್ಲ. ಆದ್ದರಿಂದ ಈ ಫಾಲ್ಟ್ ಬಂದಿದೆ ಎಂದರೆ ಮೋಟರ್‌ಗೆ ಹೆಚ್ಚು ಭಾರ ಬಿದ್ದಿದೆ ಎಂದಲ್ಲ, ಎಲ್ಲೋ ಸುರುಳಿಯನ್ನು ಬಿಟ್ಟು ಅಡ್ಡದಾರಿಯಲ್ಲಿ ಕರೆಂಟ್ ಹರಿದಿದೆ ಎಂದರ್ಥ.

ಆ ಅಡ್ಡದಾರಿ ಎಡಬದಿಯಲ್ಲಿ ತೆರೆದುಕೊಳ್ಳುತ್ತದೆ. ನಿಮ್ಮ ಪತ್ರದ ಅತಿ ಮುಖ್ಯವಾದ ವಾಕ್ಯ ಅದೇ. ಚಿಪ್‌ಗೆ ಎಡ ಬಲ ತಿಳಿಯದು. ತಲೆಯೊಂದಿಗೆ ಚಲಿಸುವ ತಂತಿಗೆ ತಿಳಿಯುತ್ತದೆ. ಗೋಡೆಯೊಳಗೆ ಎಳೆಯುವ ಲ್ಯಾನ್ ಕೇಬಲ್‌ನ ಪ್ರತಿ ಎಳೆಯೂ ಒಂದೇ ಗಟ್ಟಿ ತಾಮ್ರದ ತಂತಿ. ಒಮ್ಮೆ ಎಳೆದು ಮುಟ್ಟದೆ ಬಿಡುವ ಕೆಲಸಕ್ಕೆ ಅದು ಸೊಗಸಾಗಿದೆ. ದಿನಕ್ಕೆ ಸಾವಿರ ಸಲ ಬಾಗಿಸಿದರೆ ತಾಮ್ರ ದಣಿದು, ಹೊರಗಿನ ಪ್ಲಾಸ್ಟಿಕ್ ಸರಿಯಾಗಿಯೇ ಕಾಣುತ್ತಿರುವಾಗ ಒಳಗೆ ಮುರಿಯುತ್ತದೆ. ಬರೀ ಮುರಿದರೆ ಈ ಚಿಪ್ ಫಾಲ್ಟ್ ಕೊಡುವುದಿಲ್ಲ, ಏಕೆಂದರೆ ತೆರೆದ ಸುರುಳಿಯನ್ನು ಪತ್ತೆ ಹಚ್ಚುವ ಏರ್ಪಾಡು ಇದರಲ್ಲಿಲ್ಲ. ಆದರೆ ಮುರಿದ ಚೂಪಾದ ತುದಿ ತೆಳು ಹೊದಿಕೆಯನ್ನು ಚುಚ್ಚಿ ಜೊತೆಗೇ ಹೆಣೆದುಕೊಂಡಿರುವ ಪಕ್ಕದ ಎಳೆಯನ್ನು ಮುಟ್ಟಿದರೆ ನೇರ ಶಾರ್ಟ್. ನೀವು ತಂತಿ ಸೇರಿಸಿದ ಜಾಗದ ಬಗ್ಗೆಯೂ ನನಗೆ ಸಂಶಯವಿದೆ. ನಾಲ್ಕೂ ಗಂಟುಗಳನ್ನು ಒಂದೇ ಕಡೆ ಹಾಕಿ ಇನ್ಸುಲೇಷನ್ ಟೇಪ್ ಸುತ್ತಿದ್ದರೆ, ಬಿಸಿಗೆ ಆ ಟೇಪಿನ ಅಂಟು ಕರಗಿ, ಟೇಪು ಜಾರಿ, ಗಂಟುಗಳು ಒಂದನ್ನೊಂದು ಉಜ್ಜುವುದನ್ನು ಯಂತ್ರ ರಿಪೇರಿ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ.

ಊಹೆಯನ್ನು ಪರೀಕ್ಷಿಸುವ ಕ್ರಮ ಹೀಗಿರಲಿ. ಪವರ್ ಪೂರ್ತಿ ತೆಗೆದು, ಕೆಪಾಸಿಟರ್‌ಗಳು ಖಾಲಿಯಾಗಲು ಅರ್ಧ ನಿಮಿಷ ಬಿಡಿ. ಮೋಟರ್ ಪ್ಲಗ್ ಅನ್ನು ಪವರ್ ಇರುವಾಗ ಎಂದೂ ಎಳೆಯಬೇಡಿ. ಸುರುಳಿಯಲ್ಲಿ ಕರೆಂಟ್ ಹರಿಯುತ್ತಿರುವಾಗ ತಂತಿ ಬಿಡಿಸಿದರೆ ಏಳುವ ವೋಲ್ಟೇಜ್ ಚಿಪ್ ಅನ್ನು ಕೊಲ್ಲಬಲ್ಲದು. ಈಗ ಎಕ್ಸ್ ಕೇಬಲ್ ಅನ್ನು ಡ್ರೈವರ್ ತುದಿಯಲ್ಲೂ ಮೋಟರ್ ತುದಿಯಲ್ಲೂ ಬಿಡಿಸಿ, ಕೇಬಲ್ ಒಂದೇ ಉಳಿಯುವಂತೆ ಮಾಡಿ. ಮಲ್ಟಿಮೀಟರ್ ಅನ್ನು ಕಂಟಿನ್ಯೂಟಿಗೆ (ಎರಡು ತುದಿ ಸೇರಿದ್ದರೆ ಬೀಪ್ ಅನ್ನುವ ಕ್ರಮಕ್ಕೆ) ಇಟ್ಟು, ಎರಡೆರಡು ಎಳೆಗಳಿಗೆ ಪ್ರೋಬ್ ಹಿಡಿದು, ಯಂತ್ರದ ತಲೆಯನ್ನು ಕೈಯಿಂದ ಬಲು ನಿಧಾನವಾಗಿ ಎಡದ ತುದಿಯವರೆಗೆ ತಳ್ಳಿ. ಯಾವ ಜೋಡಿಯೂ ಬೀಪ್ ಅನ್ನಬಾರದು. ಬಳಿಕ ಮೋಟರ್ ತುದಿಯಲ್ಲಿ ಒಂದೊಂದು ಸುರುಳಿಯ ಎರಡು ಎಳೆಗಳನ್ನು ಸೇರಿಸಿ ಹಿಂಡಿ, ಮತ್ತೆ ತಳ್ಳಿ. ಈ ಸಲ ಬೀಪ್ ತುಂಡಾಗಬಾರದು. ಕೇಬಲ್ ಅತಿ ಹೆಚ್ಚು ಬಾಗುವ ಜಾಗವನ್ನು ಬೆರಳಿನಿಂದ ಹಿಚುಕಿ ನೋಡಿ. ಮೋಟರ್ ಜೋಡಿಸಿಯೇ ಈ ಪರೀಕ್ಷೆ ಮಾಡಿದರೆ, ತಲೆ ತಳ್ಳಿದಾಗ ತಿರುಗುವ ಮೋಟರ್ ತಾನೇ ವೋಲ್ಟೇಜ್ ಹುಟ್ಟಿಸಿ ಮೀಟರ್‌ಗೆ ಸುಳ್ಳು ಹೇಳಿಸುತ್ತದೆ.

ಮೀಟರ್ ಸುಮ್ಮನಿದ್ದರೂ ಕೇಬಲ್ ನಿರ್ದೋಷಿ ಎಂದು ತೀರ್ಪು ಕೊಡಬೇಡಿ. ಚಿಪ್‌ಗೆ 3 ಮೈಕ್ರೋಸೆಕೆಂಡ್ ಸಾಕು. ಮೀಟರ್‌ನ ಬೀಪ್‌ಗೆ ಅದರ ಸಾವಿರಾರು ಪಟ್ಟು ಹೊತ್ತು ಬೇಕು. ಆಗ ಅದಲು ಬದಲಿನ ಪರೀಕ್ಷೆ ಮಾಡಿ: ಎಕ್ಸ್ ಮೋಟರ್‌ನ ಪ್ಲಗ್ ಅನ್ನು ವೈ ಡ್ರೈವರ್‌ಗೂ ವೈ ಮೋಟರ್‌ನದನ್ನು ಎಕ್ಸ್ ಡ್ರೈವರ್‌ಗೂ ಹಾಕಿ, ಮರವಿಲ್ಲದೆ, ಕಟರ್ ಮೇಲೆತ್ತಿ, ಓಡಿಸಿ. ಫಾಲ್ಟ್ ಈಗ ವೈ ಡ್ರೈವರ್‌ನಲ್ಲಿ ಬಂದರೆ ತಪ್ಪು ಕೇಬಲ್ ಅಥವಾ ಮೋಟರ್‌ನದು. ಎಕ್ಸ್ ಡ್ರೈವರ್‌ನಲ್ಲೇ ಉಳಿದರೆ ಆ ಬೋರ್ಡ್ ಅಥವಾ ಅದರ ಸಾಕೆಟ್‌ನದು. ಫಾಲ್ಟ್ ತಂತಿಗಳನ್ನು ಬೇರೆ ಮಾಡಿ ಎಂದದ್ದು ಇದಕ್ಕಾಗಿಯೂ ಹೌದು.

ನನ್ನನ್ನು ಕೇಳಿದರೆ, ಪರೀಕ್ಷೆಯ ಫಲ ಏನೇ ಬರಲಿ, ಆ ಲ್ಯಾನ್ ಕೇಬಲ್ ಅನ್ನು ತೆಗೆದುಬಿಡಿ. ಸಣ್ಣ ಎಳೆಗಳು ಬಹಳವಿರುವ, ಅರ್ಧ ಚದರ ಮಿಲಿಮೀಟರ್ ಆಸುಪಾಸಿನ ಮೆದು ತಂತಿಯನ್ನು ನಡುವೆ ಗಂಟಿಲ್ಲದೆ ಎಳೆಯಿರಿ. ಗಂಟು ಅನಿವಾರ್ಯವಾದರೆ ಚಲಿಸದ ಜಾಗದಲ್ಲಿ, ನಾಲ್ಕನ್ನೂ ಹಿಂದೆ ಮುಂದೆ ಮಾಡಿ, ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಬಾಗುವ ತ್ರಿಜ್ಯ ಕೇಬಲ್ ದಪ್ಪದ ಹತ್ತು ಪಟ್ಟಾದರೂ ಇರಲಿ.

ಕೇಬಲ್ ಬದಲಿಸಿದರೂ ಫಾಲ್ಟ್ ಬಂದರೆ ನೋಡಬೇಕಾದ ಜಾಗಗಳು ಹೆಚ್ಚಿಲ್ಲ. ಮೋಟರ್‌ನ ಎರಡು ಸುರುಳಿಗಳ ಓಮ್ ಅಳೆಯಿರಿ, 1.7 ಆಂಪಿಯರ್‌ನ ನೆಮಾ 17ರಲ್ಲಿ ಸಾಮಾನ್ಯವಾಗಿ ಎರಡು ಓಮ್ ಆಸುಪಾಸು ಇದ್ದು, ಎರಡೂ ಸಮವಾಗಿರಬೇಕು. ಸುರುಳಿಯಿಂದ ಸುರುಳಿಗೂ ಸುರುಳಿಯಿಂದ ಮೋಟರ್‌ನ ಕವಚಕ್ಕೂ ಏನೂ ತೋರಿಸಬಾರದು. ಮೋಟರ್ ಕೈಗೆ ಸುಡುವಷ್ಟು ಬಿಸಿ ಇರುವಾಗಲೂ ಇದನ್ನೇ ಅಳೆಯಿರಿ, ಏಕೆಂದರೆ ಒಳಗಿನ ವಾರ್ನಿಷ್ ಹಾಳಾದ ಸುರುಳಿ ತಣ್ಣಗಿದ್ದಾಗ ಸುಸ್ಥಿತಿಯಲ್ಲಿದ್ದಂತೆ ಕಾಣಬಹುದು. ಬೋರ್ಡಿನ ಮೇಲೆ ಅಂಟಿಸಿದ ಅಲ್ಯೂಮಿನಿಯಂ ಹೀಟ್‌ಸಿಂಕ್ ಜಾರಿ ಪಕ್ಕದ ಪಿನ್‌ಗಳಿಗೆ ತಾಗಿದೆಯೇ ಎಂದು ಬದಿಯಿಂದ ಬೆಳಕು ಬಿಟ್ಟು ನೋಡಿ. ತಣ್ಣಗಾಗಲೆಂದು ಹಾಕಿದ್ದೇ ಶಾರ್ಟ್ ಮಾಡಿದ ಯಂತ್ರಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಡ್ರೈವರ್‌ನ ಮೋಟರ್ ವೋಲ್ಟೇಜ್ ಪಿನ್‌ಗಳಿಗೆ ಹತ್ತಿರದಲ್ಲೇ 100 ಮೈಕ್ರೋಫ್ಯಾರಡ್‌ನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇದೆಯೇ ಎಂಬುದನ್ನು ನೀವು ಬರೆದಿಲ್ಲ. ಇಲ್ಲದಿದ್ದರೆ ಇಂದೇ ಹಾಕಿ. ಎಸ್‌ಎಂಪಿಎಸ್‌ನಿಂದ ಬರುವ ಉದ್ದ ತಂತಿ ಮತ್ತು ಬೋರ್ಡಿನ ಸೆರಾಮಿಕ್ ಕೆಪಾಸಿಟರ್ ಸೇರಿದಾಗ, ಪವರ್ ಕೊಟ್ಟ ಕ್ಷಣದಲ್ಲಿ ವೋಲ್ಟೇಜ್ ಚಿಮ್ಮಿ ಈ ಚಿಪ್‌ನ 45 ವೋಲ್ಟ್ ಮಿತಿಯನ್ನು ದಾಟಬಲ್ಲದು.

ಇನ್ನು ನಿಮ್ಮ ಮುಂದಿರುವ ಅಡ್ಡದಾರಿಗಳು. ಫಾಲ್ಟ್ ತಂತಿಯನ್ನು ಕತ್ತರಿಸಿದರೆ ಚಿಪ್‌ಗೆ ಅಪಾಯವಿಲ್ಲ, ಏಕೆಂದರೆ ರಕ್ಷಣೆ ಚಿಪ್‌ನೊಳಗೇ ನಡೆಯುತ್ತದೆ; ನ್ಯಾನೊ ಕೇಳಲಿ ಬಿಡಲಿ ಅದು ನಿಂತೇ ನಿಲ್ಲುತ್ತದೆ. ಅಪಾಯ ಕೆಲಸಕ್ಕೆ ಮತ್ತು ಕೈಗೆ: ಎಕ್ಸ್ ನಿಂತದ್ದು ತಿಳಿಯದೆ ವೈ ಓಡುತ್ತಲೇ ಇರುತ್ತದೆ, ತಿರುಗುವ ಕಟರ್ ಮರವನ್ನು ಬೇಡದ ದಿಕ್ಕಿನಲ್ಲಿ ಸೀಳುತ್ತದೆ. ಹಾಗಾಗಿ ಬೇಡ. ಆದರೆ ಚಿಪ್ ತನ್ನನ್ನು ತಾನೇ ಕಾಯುವುದರಿಂದ ಪ್ರೋಗ್ರಾಂನಲ್ಲಿ ಫಾಲ್ಟ್ ಅನ್ನು ಹತ್ತು ಮಿಲಿಸೆಕೆಂಡ್ ಬಿಟ್ಟು ಇನ್ನೊಮ್ಮೆ ಓದಿ ಖಚಿತಪಡಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ನಿಜವಾದ ಓವರ್‌ಕರೆಂಟ್ ಆದರೆ ಅಷ್ಟು ಹೊತ್ತಿಗೂ ಇದ್ದೇ ಇರುತ್ತದೆ. ಮೋಟರ್ ತಂತಿಯಿಂದ ನುಸುಳಿದ ಗದ್ದಲವಾದರೆ ಹೋಗಿರುತ್ತದೆ.

ಫಾಲ್ಟ್ ಬಂದಾಗ ರಿಸೆಟ್ ಪಿನ್‌ನಿಂದ ತಾನೇ ಮತ್ತೆ ಶುರುವಾಗುವಂತೆ ಬರೆಯುವುದು ಇನ್ನೊಂದು ದಾರಿ. ಬಹಳ ಬೋರ್ಡ್‌ಗಳಲ್ಲಿ ರಿಸೆಟ್ ಮತ್ತು ಸ್ಲೀಪ್ ಅನ್ನು ಒಂದಕ್ಕೊಂದು ಜೋಡಿಸಿರುತ್ತಾರೆ. ಹಾಗಿದ್ದರೆ ಬೇರೆ ಮಾಡಬೇಕಾಗುತ್ತದೆ. ರಿಸೆಟ್ ಆದಾಗ ಒಳಗಿನ ಹೆಜ್ಜೆಯ ಲೆಕ್ಕ ಮೊದಲ ಸ್ಥಾನಕ್ಕೆ ಹೋಗುವುದರಿಂದ ಅಲ್ಲಿಂದ ಮುಂದೆ ಕೆತ್ತಿದ್ದು ಜಾಗ ತಪ್ಪುತ್ತದೆ. ಶಾರ್ಟ್ ಇನ್ನೂ ಇದ್ದರೆ ಪ್ರತಿ ರಿಸೆಟ್‌ಗೂ ಅದರ ಮೇಲೆ ಮತ್ತೆ 24 ವೋಲ್ಟ್ ಸುರಿದಂತಾಗುತ್ತದೆ. ಪರೀಕ್ಷೆಗೆ ಒಮ್ಮೆ ರಿಸೆಟ್ ಮಾಡುವುದು ಸರಿ. ಸರಣಿ ರಿಸೆಟ್ ಬರೆದರೆ ದೋಷ ಮುಚ್ಚಿಹೋಗುತ್ತದೆ, ಕೇಬಲ್ ಸುಡುತ್ತದೆ.

ಡ್ರೈವರ್ ಅನ್ನೇ ಬದಲಿಸಲು ಮನಸ್ಸಿದ್ದರೆ ಟಿಎಂಸಿ2209 ನಿಮ್ಮ 24 ವೋಲ್ಟ್‌ಗೆ ಹೊಂದುತ್ತದೆ; ಅದರ ಮೇಲ್ಮಿತಿ 29 ವೋಲ್ಟ್ ಎಂಬುದನ್ನು ಮರೆಯಬೇಡಿ. ಅದರ ಲಾಭ ಸದ್ದು ಕಡಿಮೆ ಎಂಬುದಷ್ಟೇ ಅಲ್ಲ. ಸೀರಿಯಲ್ ತಂತಿಯ ಮೂಲಕ ಕೇಳಿದರೆ ಯಾವ ಸುರುಳಿ ಶಾರ್ಟ್ ಆಗಿದೆ, ಯಾವುದು ತೆರೆದಿದೆ, ಬಿಸಿಯ ಮುನ್ನೆಚ್ಚರಿಕೆ ಬಂದಿದೆಯೇ ಎಂದು ಬೇರೆ ಬೇರೆಯಾಗಿ ಹೇಳುತ್ತದೆ. ಆದರೆ ಕೆಟ್ಟ ಕೇಬಲ್‌ಗೆ ಜೋಡಿಸಿದರೆ ಅದೂ ನಿಲ್ಲುತ್ತದೆ, ಕಾರಣವನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಿ ನಿಲ್ಲುತ್ತದೆ ಅಷ್ಟೇ.

ಡೂಪ್ಲಿಕೇಟ್ ಚಿಪ್‌ನ ಮಾತು ಪೂರ್ತಿ ಸುಳ್ಳಲ್ಲ. ಅಗ್ಗದ ಬೋರ್ಡ್‌ಗಳಲ್ಲಿ ಕಳಪೆ ಬೆಸುಗೆ, ಹಳೆಯ ಚಿಪ್ ಎಲ್ಲವೂ ಇರುತ್ತದೆ. ಆದರೆ ಮೂರೂ ಬೋರ್ಡ್‌ಗಳು ಒಂದೇ ಬದಿಯಲ್ಲಿ, ಒಂದೇ ಜಾಗದಲ್ಲಿ, ಒಂದೇ ರೀತಿ ಸೋಲುವುದು ಕಳಪೆ ಮಾಲಿನ ಲಕ್ಷಣವಲ್ಲ. ಆ ಬೋರ್ಡ್‌ಗಳನ್ನು ಎಸೆದಿಲ್ಲ ಎಂದುಕೊಳ್ಳುತ್ತೇನೆ. ಸಾಕೆಟ್‌ನಿಂದ ತೆಗೆದ ಬೋರ್ಡ್ ಅನ್ನು ಮೀಟರ್‌ನ ಡಯೋಡ್ ಕ್ರಮದಲ್ಲಿ ಹೀಗೆ ಪರೀಕ್ಷಿಸಿ: ಕೆಂಪು ಪ್ರೋಬ್ ಗ್ರೌಂಡ್ ಮೇಲೆ, ಕಪ್ಪು ಪ್ರೋಬ್ ನಾಲ್ಕು ಮೋಟರ್ ಔಟ್‌ಪುಟ್‌ಗಳ ಮೇಲೆ ಒಂದೊಂದಾಗಿ. ನಾಲ್ಕರಲ್ಲೂ ಅರ್ಧ ವೋಲ್ಟ್ ಆಸುಪಾಸಿನ, ಒಂದಕ್ಕೊಂದು ಹತ್ತಿರದ ಅಂಕಿ ಬರಬೇಕು. ಬಳಿಕ ಕಪ್ಪು ಪ್ರೋಬ್ ಮೋಟರ್ ವೋಲ್ಟೇಜ್ ಪಿನ್ ಮೇಲೆ, ಕೆಂಪು ಔಟ್‌ಪುಟ್‌ಗಳ ಮೇಲೆ. ಮತ್ತೆ ಅದೇ ಬಗೆಯ ಅಂಕಿ. ಯಾವುದೇ ಒಂದರಲ್ಲಿ ಸೊನ್ನೆ ಬಂದರೆ ಅಥವಾ ಒಂದು ಮಾತ್ರ ಉಳಿದ ಮೂರಕ್ಕಿಂತ ಬಹಳ ಬೇರೆಯಾದರೆ ಆ ಚಿಪ್‌ನ ಟ್ರಾನ್ಸಿಸ್ಟರ್ ಸುಟ್ಟಿದೆ, ಬದಿಗಿಡಿ. ಎಂಟೂ ಅಂಕಿಗಳು ಸರಿ ಬಂದ ಬೋರ್ಡ್ ಅನ್ನು ಹೊಸ ಕೇಬಲ್‌ನೊಂದಿಗೆ, ವಿರೆಫ್ ಅನ್ನು ಅರ್ಧ ವೋಲ್ಟ್‌ಗೆ ಇಳಿಸಿ, ಧೈರ್ಯವಾಗಿ ಮತ್ತೆ ಹಾಕಬಹುದು.